ಐದನೇ ನಂಬರಿನ ಮಂಚ

ನನ್ನನ್ನು ಕೆಲಸದಿಂದ ಬೀಳ್ಕೊಡಲು ಯಾರೂ ಶಾಲು ಹೊದಿಸಲಿಲ್ಲ, ಫೋಟೊ ತೆಗೆಯಲಿಲ್ಲ. ಒಂದು ಮಧ್ಯಾಹ್ನ ಬೋಲ್ಟು ಬಿಚ್ಚುವ ಎರಡು ಪಾನಾ, ಒಂದು ಬ್ಯಾಟರಿ, ಒಂದು ಅಳತೆ ಟೇಪು ಚೀಲಕ್ಕೆ ಹಾಕಿಕೊಂಡು ಜಹೀರಾಬಾದಿನ ಕಾರ್ಖಾನೆಯಿಂದ ಮನೆಗೆ ಬಂದೆ. ಮರುದಿನ ಹೋಗಲಿಲ್ಲ. ಇಪ್ಪತ್ತೆಂಟು ವರ್ಷ ಊರವರ ಮಂಚಗಳ ಅಡಿಗೆ ತಲೆ ಹಾಕಿ ನೋಡಿದವಳ ನಿವೃತ್ತಿ ಹೀಗೆ ಆಯಿತು.

ಈಗ ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಕೆಲವರು ನನ್ನ ಮನೆ ಹುಡುಕಿಕೊಂಡು ಬಂದು, "ಅಕ್ಕಾ, ಖರೇ ಫ್ರೆಂಚ್ ಮಂಚ ಯಾವುದು, ನಕಲಿ ಯಾವುದು, ಹ್ಯಾಂಗ ಗುರ್ತ ಹಿಡೀತಿದ್ರಿ?" ಎಂದು ಕೇಳುತ್ತಾರೆ. ಗುರುತು ಹಿಡಿಯುವುದು ಹತ್ತು ನಿಮಿಷದ ವಿದ್ಯೆ. ಚಹಾ ಆರುವುದರೊಳಗೆ ಹೇಳಿಕೊಡುತ್ತೇನೆ. ಹಿಡಿದ ಮೇಲೆ ಏನು ಮಾಡಬೇಕು ಎನ್ನುವುದಕ್ಕೆ ಮಾತ್ರ ಒಂದು ಮಧ್ಯಾಹ್ನ ಸಾಲದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದ್ದು ಗಾದಿ ಹೊಲಿಯುವವಳಾಗಿ. ನಮ್ಮ ಸೇಠರು ಹೆದ್ದಾರಿ ಪಕ್ಕ ಹಳೆಯ ಮರದ ಕಪಾಟು, ಕುರ್ಚಿ ಕೊಂಡು, ತಿದ್ದಿ ತೀಡಿ ಹೈದರಾಬಾದಿಗೆ ಕಳಿಸುತ್ತಿದ್ದರು. ಒಂದು ದಿನ ಹೈದರಾಬಾದಿನಿಂದ ಒಂದು ಫೋಟೊ ತಂದರು. ಅದರಲ್ಲಿ ತಲೆದಿಂಬಿನ ಕಡೆ ಹಲಗೆ ಇಲ್ಲದ, ಮೊಣಕಾಲೆತ್ತರದ ಒಂದು ಕಬ್ಬಿಣದ ಮಂಚ. ತಗಡನ್ನು ಕಾಗದ ಮಡಚಿದ ಹಾಗೆ ಮಡಚಿ ಮಾಡಿದ ಕಾಲು, ಮೇಲೆ ಅಗಲ, ಕೆಳಗೆ ಚೂಪು. ಪಕ್ಕಕ್ಕೆ ಒಂದು ಪುಟ್ಟ ಮರದ ಹಲಗೆ, ತಿರುಗಿಸಿದರೆ ಚಹಾದ ಕಪ್ಪು ಇಡಬಹುದು. ಫ್ರಾನ್ಸಿನಲ್ಲಿ ಅರವತ್ತು ಎಪ್ಪತ್ತು ವರ್ಷದ ಹಿಂದೆ ಮಾಡಿದ್ದಂತೆ. ಅಲ್ಲಿ ಅದಕ್ಕೆ ಹಗಲು ಒರಗುವ ಮಂಚ ಎನ್ನುತ್ತಾರಂತೆ.

"ಹಗಲು ಮಲಗಾಕ ಬ್ಯಾರೆ ಮಂಚ ಏನ್ರಿ ಸೇಠ?" ಎಂದು ನಾನು ನಕ್ಕೆ. ನಮ್ಮ ಕಡೆ ಹಗಲು ಮಲಗುವವರು ಜ್ವರ ಬಂದವರು, ಇಲ್ಲವೇ ಬಾಣಂತಿಯರು. ಸೊಸೆಯಾದವಳು ಹಗಲು ಮಲಗಿದರೆ ಊರು ನಾಲ್ಕು ದಿನ ಅದನ್ನೇ ಆಡುತ್ತದೆ.

"ನಗಬ್ಯಾಡ ಸುಶೀಲಾ," ಎಂದರು ಸೇಠರು. "ಇವು ಇಲ್ಲೇ ಅವ. ತಾಂಡೂರಿನ ಬಂಡೆ ಕೊರಿಯೋ ಕಂಪನಿಗೆ ಫ್ರಾನ್ಸಿನಿಂದ ಒಬ್ಬ ಎಂಜಿನಿಯರ್ ಸಾಹೇಬ್ ಬಂದಿದ್ದ, ನಮ್ಮಪ್ಪನ ಜಮಾನಾದಾಗ. ಅವನ ಜೊತೀಗಿ ಆರು ಮಂಚ ಬಂದಿದ್ವು. ಕಂಪನಿ ಬಂದ್ ಆತು, ಸಾಮಾನ್ ಎಲ್ಲಾ ಚೆಲ್ಲಾಪಿಲ್ಲಿ ಆತು. ಹುಡುಕಬೇಕು."

ಹುಡುಕಲು ಮೊದಲು ಗಂಡಸರನ್ನೇ ಕಳಿಸಿದರು. ಅವರು ಕಟ್ಟೆಯ ಮೇಲೆ ಕೂತು ಬೀಡಿ ಸೇದಿ ವಾಪಸು ಬಂದರು. ಮಂಚ ಇರುವುದು ಒಳಮನೆಯಲ್ಲಿ, ಒಳಮನೆಗೆ ಗಂಡಸರನ್ನು ಯಾರು ಬಿಡುತ್ತಾರೆ? ಕಡೆಗೆ ನನ್ನನ್ನು ಕಳಿಸಿದರು. ಗಾದಿ ಹೊಲಿಯುವವಳು ಎಂದರೆ ಹೆಂಗಸರು ತಾವೇ ಕೈ ಹಿಡಿದು ಒಳಗೆ ಕರೆದೊಯ್ದು ಮಂಚ ತೋರಿಸುತ್ತಿದ್ದರು. ಗಾದಿಯ ಅಳತೆ ತೆಗೆಯುವ ನೆಪದಲ್ಲಿ ಅಂಗಾತ ಮಲಗಿ ಮಂಚದ ಅಡಿಗೆ ಸರಿಯುತ್ತಿದ್ದೆ. ಅಲ್ಲಿ ಜೇಡರ ಬಲೆ ಇರುತ್ತಿತ್ತು, ಒಮ್ಮೆ ಮರಿ ಹಾಕಿದ ಬೆಕ್ಕೂ ಇತ್ತು. ಆ ಬೆಕ್ಕಿನ ಗುರುತು ನನ್ನ ಗಲ್ಲದ ಮೇಲೆ ಇನ್ನೂ ಇದೆ.

ಹತ್ತು ನಿಮಿಷದ ವಿದ್ಯೆ ಇಷ್ಟೇ. ಎರಡು ಪಾನಾ ಇಟ್ಟುಕೊಳ್ಳಬೇಕು. ಒಂದು ಹದಿನಾಲ್ಕು ಮಿಲಿಮೀಟರಿನದು, ಇನ್ನೊಂದು ಹಳೆಯ ಇಂಚಿನದು. ಫ್ರಾನ್ಸಿನಲ್ಲಿ ಆ ಕಾಲಕ್ಕೇ ಮಿಲಿಮೀಟರ್ ಲೆಕ್ಕ. ನಮ್ಮ ಕಮ್ಮಾರರ ಕೈಗೆ ಆಗ ಸಿಗುತ್ತಿದ್ದುದು ಇಂಚಿನ ಬೋಲ್ಟು. ಕಾಲು ಕೂಡುವ ಕಡೆ ಬೋಲ್ಟಿನ ತಲೆಗೆ ಹದಿನಾಲ್ಕರ ಪಾನಾ ಬಿಗಿಯಾಗಿ ಕೂತರೆ ಮಂಚ ಸಮುದ್ರ ದಾಟಿ ಬಂದದ್ದು. ಇಂಚಿನದು ಕೂತರೆ ಇಲ್ಲಿಯದು. ಇದನ್ನು ನನಗೆ ಕಲಿಸಿದವರು ಸೇಠರೇ. ಅವರಿಗೆ ಮೂಗಿನ ಮೇಲೆ ಕೋಪ, ಆದರೆ ತಿಳಿದದ್ದನ್ನು ಬಚ್ಚಿಡುವವರಲ್ಲ.

ಮೊದಲ ಮಂಚ ಸಿಕ್ಕಿದ್ದು ನಾರಾಯಣಖೇಡದಲ್ಲಿ. ಒಂದು ಮನೆಯ ಹಿತ್ತಲಲ್ಲಿ ಅದರ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದರು. ಆ ಮನೆಯ ಸೊಸೆ ಹೇಳಿದಳು: "ನಮ್ಮ ಮಾವ ಆ ಫ್ರೆಂಚ್ ಸಾಹೇಬಗ ಅಡಿಗಿ ಮಾಡ್ತಿದ್ದರಿ. ಸೊಂಟ ನೋವು ಭಾಳ ಇತ್ತು ಅವರಿಗಿ. ಸಾಹೇಬ ತನ್ನ ದೇಶಕ್ಕ ಹೋಗುವಾಗ ಕರದು, ಇದರ ಮ್ಯಾಲ ಮಲಕೋ ಅಂತ ಕೊಟ್ಟು ಹೋಗ್ಯಾನ."

ಮಂಚದ ಅಡಿಗೆ ಸರಿದು ಹದಿನಾಲ್ಕರ ಪಾನಾ ಹಚ್ಚಿದೆ. ಚಕ್ಕನೆ ಕೂತಿತು. ತೆಗೆದು ಮತ್ತೊಮ್ಮೆ ಹಚ್ಚಿ ನೋಡಿದೆ. ಯಾವುದೋ ದೇಶದಲ್ಲಿ ಯಾರೋ ಬಿಗಿದ ಬೋಲ್ಟು, ನಾರಾಯಣಖೇಡದ ಹಿತ್ತಲಲ್ಲಿ ಮೆಣಸಿನಕಾಯಿಯ ಘಾಟಿನಲ್ಲಿ ನನ್ನ ಪಾನಾಕ್ಕೆ ಸಿಕ್ಕಿತಲ್ಲ ಎನ್ನುವ ಸೋಜಿಗ. ಆ ಸೋಜಿಗ ಇರದವರು ಈ ಕೆಲಸಕ್ಕೆ ಬರಬೇಡಿ.

ಇನ್ನು ತಪ್ಪಿನ ವಿಷಯ. ಮಂಚವನ್ನು ಕಾರ್ಖಾನೆಗೆ ತಂದ ಮೇಲೆ ಮೊದಲು ಗಾದಿಗೆ ಅಳತೆಯ ನಕ್ಷೆ ಮಾಡಿಕೊಂಡೆ. ಹಳೆಯ ಪೇಪರು ಅಂಟಿಸಿ, ಮಂಚದ ಮೇಲೆ ಹಾಸಿ, ಅಂಚು ಗೀಚಿ ಕತ್ತರಿಸುವುದು ನನ್ನ ರೀತಿ. ತಲೆಯ ಕಡೆ ಯಾವುದು, ಕಾಲ ಕಡೆ ಯಾವುದು ಎಂದು ಅದರ ಮೇಲೇ ಬರೆದಿಡುತ್ತೇನೆ. ಆಮೇಲೆ ಬಣ್ಣ ಕೆರೆಯಲು ಕೂತೆ. ಆಗ ನಮ್ಮಲ್ಲಿ ಅದೇ ಪದ್ಧತಿ, ಹಳೆಯದೆಲ್ಲ ಕೆರೆದು ಹೊಸ ಬಣ್ಣ ಹೊಡೆಯುವುದು. ಹಸಿರು, ಅದರಡಿ ನೀಲಿ, ಅದರಡಿ ಕಪ್ಪು. ಮೂರು ದಿನ ಕೆರೆದೆ, ಉಗುರು ಹೋಯಿತು. ಮಂಚ ಸ್ಟೀಲಿನ ತಟ್ಟೆಯಂತೆ ಮಿಂಚಿತು. ನಾನೂ ಮಿಂಚಿದೆ.

ಅದನ್ನು ನೋಡಲು ಪರದೇಶದ ಒಬ್ಬ ಮೇಡಂ ಬಂದರು. ಮಂಚದ ಸುತ್ತ ಒಂದು ಸುತ್ತು ಬಂದರು. ಕೂತರು. ಕಾಲನ್ನು ಸವರಿದರು. ಕಣ್ಣಲ್ಲಿ ನೀರು. ಸಂತೋಷಕ್ಕೆ ಇರಬೇಕು ಎಂದುಕೊಂಡು ನಾನೂ ನಕ್ಕೆ. ಹೈದರಾಬಾದಿನ ದುಭಾಷಿ ಕನ್ನಡಕ್ಕೆ ತಿರುಗಿಸಿ ಹೇಳಿದ: "ಮೂಲ ಬಣ್ಣ ಹೋಗಿದೆ, ಗುರುತುಗಳು ಹೋಗಿವೆ. ಇದು ಈಗ ಬರೀ ಕಬ್ಬಿಣ ಅಂತಾರೆ."

ಮೇಡಂ ಹೋದ ಮೇಲೆ ಸೇಠರು ಕೂಗಾಡಿದರು. "ಕ್ಯಾ ಕರೀ ರೇ ಸುಶೀಲಾ! ಕೆರಿ ಅಂದ್ರ ಚರ್ಮಾನೂ ಕೆರದು ಇಟ್ಟೀದಿ!" ಕೆರಿ ಎಂದವರು ಅವರೇ. ಅದನ್ನು ಹೇಳಲಿಲ್ಲ, ಆಗ ಹೇಳುವ ಧೈರ್ಯ ಇರಲಿಲ್ಲ. ಆ ದಿನದಿಂದ ಪದ್ಧತಿ ಬದಲಾಯಿತು. ಮೆತ್ತನೆಯ ಬಟ್ಟೆ, ಒಂದಿಷ್ಟು ಸೀಮೆಎಣ್ಣೆ, ಅಷ್ಟೇ. ಜಂಗು, ಅಂದರೆ ತುಕ್ಕು, ಇದ್ದರೆ ಇರಲಿ. ಹಿಂದೆ ತಿಕ್ಕದಿದ್ದರೆ ಬೈಗುಳ, ಈಗ ತಿಕ್ಕಿದರೆ ಬೈಗುಳ.

ನಂತರದ ವರ್ಷಗಳಲ್ಲಿ ಮಂಚಗಳು ಒಂದೊಂದಾಗಿ ಸಿಕ್ಕವು. ಜಹೀರಾಬಾದಿನ ಒಂದು ಪಂಕ್ಚರ್ ಅಂಗಡಿಯಲ್ಲಿ ಗಿರಾಕಿಗಳು ಕೂರುತ್ತಿದ್ದುದು ಫ್ರೆಂಚ್ ಮಂಚದ ಮೇಲೆ. ಅಂಗಡಿಯವನು, "ಇದರ ಮ್ಯಾಲ ಕೂತೋರು ಎಷ್ಟು ತಡಾ ಆದ್ರೂ ಜಗಳಾ ಮಾಡಂಗಿಲ್ಲರಿ, ನಾ ಕೊಡೂದಿಲ್ಲ" ಎಂದ. ಅವನು ಕೊಡಲೇ ಇಲ್ಲ. ಅವನಷ್ಟು ಚೆನ್ನಾಗಿ ಆ ಮಂಚದ ಗುಣವನ್ನು ಯಾವ ಮೇಡಮ್ಮೂ ನನಗೆ ಹೇಳಿಲ್ಲ.

ನಡುನಡುವೆ ಬೇರೊಂದು ಬಗೆಯವೂ ಸಿಗುತ್ತಿದ್ದವು. ಕಾಲು ಅದೇ, ಮಡಿಕೆ ಅದೇ, ಆದರೆ ಪಕ್ಕದ ಹಲಗೆ ಮರದ್ದಲ್ಲ, ತೆಳ್ಳಗೆ ಸೀಳಿ ನಯ ಮಾಡಿದ ನೀಲಿ ತಾಂಡೂರು ಬಂಡೆ. ಅಂಥವು ಮೂರು ಅದೇ ಮೇಡಮ್ಮಿಗೆ ಕಳಿಸಿದೆವು. ಪರದೇಶದವರಿಗೆ ಆ ಕಲ್ಲು ಕಂಡರೆ ಹುಚ್ಚು. ಮೊದಲನೆಯದಕ್ಕೆ ನಾನು ಹದಿನಾಲ್ಕರ ಪಾನಾ ಹಚ್ಚಿದಾಗ ಬೋಲ್ಟಿನ ತಲೆಗೆ ಹತ್ತಲೇ ಇಲ್ಲ. ಸೇಠರಿಗೆ ಹೇಳಿದೆ. "ಬೋಲ್ಟ್ ಯಾರೋ ಬದಲ್ ಮಾಡ್ಯಾರ, ನೀ ಚೀಟಿ ಬರಿ" ಎಂದರು. ಚೀಟಿ ಎಂದರೆ ಮಂಚಕ್ಕೆ ಕಟ್ಟುವ ಗುರುತಿನ ಚೀಟಿ. ಅದರಲ್ಲಿ ಫ್ರೆಂಚ್ ಎಂದು ಬರೆದು, ಪರೀಕ್ಷೆ ಮಾಡಿದವರ ಜಾಗದಲ್ಲಿ ನನ್ನ ಹೆಸರು ಹಾಕಬೇಕು. ಹಾಕಿದೆ. ಇರಬಹುದು ಎಂದುಕೊಂಡು ಮೂರಕ್ಕೂ ಹಾಕಿದೆ. ಇರಬಹುದು ಎನ್ನುವ ಒಂದು ಮಾತು ಮನುಷ್ಯರಿಗೆ ಎಷ್ಟು ಅನುಕೂಲ ನೋಡಿ.

ಆ ಇರಬಹುದು ಮುರಿದುಬಿದ್ದದ್ದು ನ್ಯಾಲ್ಕಲ್ ಕಡೆಯ ಒಂದು ಹಳ್ಳಿಯಲ್ಲಿ. ಕುರಿ ಸಾಕುವವರ ಮನೆ. ಯಜಮಾನ ಬೀರಪ್ಪ ಕುರಿ ಹೊಡೆದುಕೊಂಡು ಹೋಗಿದ್ದ, ಹೆಂಡತಿ ಹೊಲಕ್ಕೆ. ಮನೆಯಲ್ಲಿದ್ದ ಕಿವಿ ಮಂದವಾದ ಮುದುಕಿ, ನೋಡಿಕೋ ಎಂದು ಕೈ ಮಾಡಿದಳು. ಕಲ್ಲಿನ ಹಲಗೆಯ ಮಂಚ. ಒಳಗೆ ಕತ್ತಲೆ, ಮಂಚದ ಅಡಿಯಲ್ಲಿ ಎರಡು ಕುರಿಮರಿ ಕಟ್ಟಿದ್ದರು. ಸರಿಯಲು ಜಾಗವಿಲ್ಲ. ನನ್ನ ಜೀಪಿನ ಡ್ರೈವರನ ಕೈಯಲ್ಲಿ ಮಂಚವನ್ನು ಅಂಗಳಕ್ಕೆ ಎತ್ತಿಸಿ, ಕಾಲು ಮೇಲೆ ಮಾಡಿ ಮಗುಚಿ ಹಾಕಿದೆ. ಆರಾಮವಾಗಿ ಕೂತು ಪಾನಾ ತೆಗೆದೆ.

ನಮ್ಮ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರು ಮಲಗುತ್ತಿದ್ದ ಮಂಚವನ್ನು ಅಂಗಳದಲ್ಲಿ ಹಾಗೆ ಮಗುಚಿಡುತ್ತಾರೆ. ನಾನು ಇದೇ ಮಣ್ಣಿನಲ್ಲಿ ಹುಟ್ಟಿದವಳು, ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಷ್ಟು ವರ್ಷದ ಮೇಲೆ ನನ್ನ ಕಣ್ಣಿಗೆ ಅದು ಮಂಚವಾಗಿ ಉಳಿದಿರಲಿಲ್ಲ. ಬೋಲ್ಟು, ಮಡಿಕೆ, ಬೆಸುಗೆ, ಅಷ್ಟೇ ಕಾಣುತ್ತಿತ್ತು.

ಎದುರು ಮನೆಯವಳು ಬಾಗಿಲಿಗೆ ಬಂದು ನೋಡಿದಳು. "ಅಯ್ಯೋ ಬೀರಣ್ಣಾ!" ಎಂದು ಎದೆ ಬಡಿದುಕೊಂಡಳು. ನಾನು ಎದ್ದು ವಿವರಿಸುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಕಿವಿ ಕೇಳದ ಮುದುಕಿ ಎಲ್ಲರೂ ಅಳುವುದನ್ನು ನೋಡಿ ತಾನೂ ಅತ್ತಳು. ಯಾರೋ ಫೋನು ಮಾಡಿದರು, ಪಕ್ಕದೂರಿಗೆ ಕೊಟ್ಟ ಮಗಳು ಆಟೋದಲ್ಲಿ ಬೋರಾಡಿ ಅಳುತ್ತ ಬಂದಿಳಿದಳು. ನಾನು ಇಲ್ಲರಿ, ಇಲ್ಲರಿ ಎನ್ನುತ್ತಿದ್ದೆ. ಕೇಳುವವರು ಯಾರು?

ಅಷ್ಟರಲ್ಲಿ ಬೀರಪ್ಪ ಕುರಿಗಳ ಹಿಂದೆ ಬಂದ. ಹೆಗಲ ಮೇಲೆ ಕಂಬಳಿ, ತನ್ನ ಮನೆಯ ಮುಂದೆ ಜನ. ಗಾಬರಿಯಾಗಿ ಕೇಳಿದ: "ಯಾರ ಹೋದ್ರೋ?"

ಮಗಳು ಅವನನ್ನು ನೋಡಿ ಅಲ್ಲೇ ಕುಸಿದು ಕೂತಳು. ಆಮೇಲೆ ಎಲ್ಲರೂ ಸೇರಿ ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವಂಥದ್ದೂ ಅಲ್ಲ. ನಾನು ಬೀರಪ್ಪನ ಕಾಲು ಮುಟ್ಟಿದೆ. ಅವನು ಮಾತ್ರ ನಕ್ಕುಬಿಟ್ಟ. "ನಾ ಸತ್ತರ ಯಾರ್‍ಯಾರು ಖರೇ ಅಳ್ತಾರ ಅಂತ ನೋಡಿದಂಗಾತು ಬಿಡವ್ವ" ಎಂದು ನನ್ನ ಕೈಗೆ ಮಜ್ಜಿಗೆ ಕೊಟ್ಟ. "ಇಷ್ಟ್ಯಾಕ ತ್ರಾಸ ತಗೊಂಡಿ? ಏನು ನೋಡಾಕ ಹತ್ತಿದ್ದಿ ಅದರ ಬುಡಕ?"

"ಯಾವ ದೇಶದ್ದು ಅಂತ ನೋಡಾಕ ಹತ್ತಿದ್ದೆ."

"ಯಾವ ದೇಶದ್ದು! ತಾಂಡೂರಿನ ಕಾಳಪ್ಪ ಕಮ್ಮಾರ ಮಾಡಿದ್ದವ್ವ ಇದು. ನಮ್ಮಪ್ಪ ಎರಡು ಕಂಬಳಿ ಕೊಟ್ಟು ಇಸಕೊಂಡು ಬಂದಾನ. ನಾ ಸಣ್ಣಾವಿದ್ದೆ, ಬಂಡಿ ಮ್ಯಾಲ ಇದರ ಮ್ಯಾಲೇ ಮಲಕೊಂಡು ಬಂದೀನಿ."

ಇಂಚಿನ ಪಾನಾ ಹಚ್ಚಿದೆ. ನಾಲ್ಕು ಕಾಲಿಗೂ ಕೂತಿತು. ಬೋಲ್ಟಿನ ರಂಧ್ರದ ಸುತ್ತ ಹಳೆಯ ಬಣ್ಣ ಒಡೆದಿರಲಿಲ್ಲ. ಯಾರೂ ಯಾವತ್ತೂ ಬದಲಿಸಿರಲಿಲ್ಲ. ನಾನು ಹೆಸರು ಹಾಕಿ ಕಳಿಸಿದ ಮೂರು ಮಂಚ ಯಾರದ್ದು ಎಂದು ಆಗ ಗೊತ್ತಾಯಿತು.

ಹೀಗೆ ತಗಡು ಮಡಚುವ ಕಮ್ಮಾರ ಯಾರು? ಕುತೂಹಲ ತಡೆಯಲಾಗಲಿಲ್ಲ. ಮುಂದಿನ ವಾರ ತಾಂಡೂರಿಗೆ ಹೋಗಿ ಕಲ್ಲು ಕೊಯ್ಯುವವರ ಓಣಿಯಲ್ಲಿ ಕೇಳಿದೆ. ವಯಸ್ಸಾದ ಒಬ್ಬರು ಹೇಳಿದರು: "ಕಳ್ಳ ಕಾಳಪ್ಪನ? ಅವ ಸತ್ತು ಎಷ್ಟೋ ವರ್ಷ ಆದ್ವು. ಮಗಳು ಬೊಮ್ರಾಸಪೇಟ್ ಕಡಿಗಿ ಅದಾಳ." ಆ ಕಳ್ಳ ಎನ್ನುವ ಮಾತನ್ನು ಅವರು ಮನೆತನದ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದರು.

ಮಗಳ ಹೆಸರು ನಾಗಮ್ಮ. ಎಂಬತ್ತರ ಹತ್ತಿರದ ವಯಸ್ಸು, ಗಂಡ ಇಲ್ಲ, ಮಕ್ಕಳು ಹೊಲ ನೋಡಿಕೊಳ್ಳುತ್ತಾರೆ. ಎದುರುಮನೆಯ ಕಟ್ಟೆಯ ಮೇಲೆ ಅವಳ ಗಂಡನ ಅಣ್ಣ ಸಾಯಪ್ಪ ಕೋಲು ಹಿಡಿದು ಕೂತಿದ್ದ. ತೊಂಬತ್ತರ ಆಸುಪಾಸು, ಆದರೆ ಕಣ್ಣು ಚುರುಕು. ಅವನು ಕಾಣುವಷ್ಟು ಹೊತ್ತು ನಾಗಮ್ಮ ತಲೆಯ ಮೇಲಿನ ಸೆರಗು ಸರಿಸಲಿಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಮಾತಾಡಿದಳು.

ಒಳಗೆ ತೊಗರಿ ಚೀಲಗಳ ರಾಶಿ. ಚೀಲಗಳ ಅಡಿ ಒಂದು ಮಂಚ. ನೀಲಿ ಬಂಡೆಯ ಹಲಗೆ.

"ಮಾರೂದಿಲ್ಲರಿ," ಎಂದಳು ನಾನು ಬಾಯಿ ತೆರೆಯುವ ಮೊದಲೇ.

"ಬ್ಯಾಡರಿ. ಯಾರು ಮಾಡಿದ್ದು ಅಂತ ಕೇಳಾಕ ಬಂದೀನಿ."

ಅವಳು ನನ್ನ ಮುಖ ನೋಡಿದಳು. "ಯಾರೂ ಕೇಳಿದ್ದಿಲ್ಲ" ಎಂದು ಗೋಣಿ ಹಾಸಿ ಕೂರಿಸಿದಳು.

ಅವಳು ಹೇಳಿದ್ದು ಇಷ್ಟು. ಕಾಳಪ್ಪ ಕಂಪನಿಯಲ್ಲಿ ಗರಗಸ ಹರಿತ ಮಾಡುವ ಕಮ್ಮಾರ. ಫ್ರೆಂಚ್ ಸಾಹೇಬನ ಮಂಚ ನೋಡಿ, ಹೀಗೆ ತಗಡು ಮಡಚುವುದು ಹೇಗೆ ಎಂದು ತಿಂಗಳುಗಟ್ಟಲೆ ಚಡಪಡಿಸಿ, ಅಂಥದ್ದೇ ಒಂದು ಮಾಡಿ ಮನೆಯಲ್ಲಿ ಹಾಕಿಕೊಂಡ. ಸಾಹೇಬನೂ ಅದರ ಮೇಲೆ ಮಲಗಿ ನೋಡಿ ನಕ್ಕಿದ್ದನಂತೆ. ಸಾಹೇಬ ದೇಶಕ್ಕೆ ಹೋದ. ಹೊಸ ಮ್ಯಾನೇಜರ್ ಸಾಮಾನು ಎಣಿಸಿದಾಗ ಆರು ಮಂಚದಲ್ಲಿ ಐದನೇ ನಂಬರಿನದು ಇರಲಿಲ್ಲ. ಕಂಪನಿಯ ವಾಚ್‌ಮನ್ ಸಾಯಪ್ಪ, ಅಂದರೆ ಅವಳ ಭಾವ, ಬೀಗರ ಮನೆಗೆ ಹೋದಾಗ ಕಾಳಪ್ಪನ ಮಂಚ ಕಂಡಿದ್ದ. ಹೋಗಿ ಹೇಳಿದ.

"ನಮ್ಮಪ್ಪ ಒದರ್‍ಯಾಡಿದ, ನಾ ಮಾಡೀನಿ, ನಾ ಮಾಡೀನಿ ಅಂತ. ಕಮ್ಮಾರಗ ಇಂಥಾದ್ದು ಮಾಡಾಕ ಬರ್ತದೇನು ಅಂದ್ರು. ನಂಬರ್ ಎಲ್ಲಿ ಅದ ನೋಡ್ರಿ ಅಂದ. ನಂಬರ್ ಕೆರದು ಹಾಕೀದಿ ಅಂದ್ರು. ಮಂಚ ಒಯ್ದರು, ಕೆಲಸದಿಂದ ತಗದ್ರು."

"ಆಮ್ಯಾಲ?"

"ಆಮ್ಯಾಲ ಇದು ಮಾಡ್ದ. ಕಟ್ಟಿಗಿ ಸಿಗಲಿಲ್ಲ, ಕಲ್ಲು ಹಾಕ್ದ. ನೋಡ್ರಿ, ನನಗ ಬರ್ತದ ಅಂತ ತೋರ್ಸಾಕ ಬಂಡಿ ಮ್ಯಾಲ ಹಾಕ್ಕೊಂಡು ಕಂಪನಿ ಗೇಟಿಗಿ ಹೋದ. ಭಾವ ಗೇಟ್ ತೆಗೀಲಿಲ್ಲ. ಮಂದಿ ಏನಂದ್ರು ಗೊತ್ತೇನ್ರಿ? ಇವ ಒಂದಲ್ಲ, ಎರಡು ಕದ್ದಾನ ಅಂದ್ರು."

ನಗು ಬರುವಂಥ ಮಾತು. ಇಬ್ಬರೂ ನಗಲಿಲ್ಲ.

"ಇದನ್ನ ನನ್ನ ಮನಿಗಿ ತಂದು ಇಟ್ಟ. ಕಾಳಪ್ಪ ಮಾಡಿದ್ದು ಅಂತ ಯಾರಾರ ಬಾಯಿ ಬಿಟ್ಟು ಅನ್ನೋ ತನಕ ಇದರ ಮ್ಯಾಲ ಮಲಗಬ್ಯಾಡ ಅಂದ. ಆಮ್ಯಾಲೂ ಕೇಳಿದೋರಿಗಿ ನಾಕೈದು ಮಾಡಿ ಕೊಟ್ಟ, ಕೂಲಿ ಕೇಳಿದ್ದಿಲ್ಲ, ಕೊಟ್ಟದ್ದು ತಗೊಂಡ. ಹೆಸರು ಹೇಳ್ರಿ ಅಂತಿದ್ದ, ಅಷ್ಟ. ಈ ಓಣ್ಯಾಗ ಇವತ್ತಿಗೂ ನಾ ಕಳ್ಳನ ಮಗಳೇ ಅದೀನಿ. ಭಾವನೂ ಹಂಗೇ ಕರೀತಾರ. ಸಿಟ್ಟಿಲೆ ಅಲ್ಲರಿ. ರೂಢಿ."

ಐದನೇ ನಂಬರಿನದು ಎಲ್ಲಿ ಹೋಗಿತ್ತು ಎಂದು ಈ ಭೂಮಿಯ ಮೇಲೆ ತಿಳಿದವಳು ನಾನೊಬ್ಬಳೇ ಇರಬೇಕು. ಸಾಹೇಬ ಅದನ್ನು ಸೊಂಟ ನೋವಿನ ಅಡಿಗೆಯವನಿಗೆ ಕೊಟ್ಟಿದ್ದ. ನಾರಾಯಣಖೇಡದ ಆ ಮಂಚದ ಹಸಿರು, ನೀಲಿ ಬಣ್ಣಗಳ ಅಡಿ, ಕಪ್ಪಿನ ಮೇಲೆ ಬಿಳಿ ಅಂಕೆ ಇತ್ತು. ನಾನು ಕಂಡಿದ್ದೆ. ಕಂಡು, ಉಜ್ಜಿ, ಹೊಳಪು ಬರಿಸಿದ್ದೆ. ಕಾಳಪ್ಪ ಕೆರೆದ ಎಂದರಲ್ಲ, ನಂಬರ್ ಕೆರೆದವಳು ನಾನು.

ನಾಗಮ್ಮನಿಗೆ ಆ ದಿನ ಏನೂ ಹೇಳಲಿಲ್ಲ. ಬರೀ ನೆನಪನ್ನು ಹಿಡಿದುಕೊಂಡು ಆಸೆ ಹುಟ್ಟಿಸುವುದು ಬೇಡ ಎನ್ನಿಸಿತು. ಮನೆಗೆ ಬಂದು ಟ್ರಂಕು ತೆಗೆದೆ. ಗಾದಿಯ ನಕ್ಷೆಗಳನ್ನು ನಾನು ಎಸೆಯುವವಳಲ್ಲ, ಇನ್ನೊಂದು ಮಂಚಕ್ಕೆ ಬೇಕಾಗುತ್ತವೆ ಎಂದು ಸುತ್ತಿ ಇಡುತ್ತೇನೆ. ಒಂದೊಂದೇ ಬಿಚ್ಚಿದೆ. ಅಂಟು ಬಿಟ್ಟು ಹೋಳಾದವು, ಜಿರಳೆ ತಿಂದವು. ಕೆಳಗಿನಿಂದ ಮೂರನೆಯದು ನಾರಾಯಣಖೇಡದ್ದು. ಅದರ ಒಂದು ತುದಿಯಲ್ಲಿ ನನ್ನದೇ ಅಕ್ಷರ: ಐದು ಇರುವ ಕಾಲು ತಲೆ ಕಡೆ. ಅಂಕೆಯನ್ನು ಕಂಡ ಹಾಗೇ ಬರೆದುಕೊಂಡಿದ್ದೆ, ಮೇಲಿನ ಗೆರೆ ಉದ್ದ, ಬಾಲ ಒಳಕ್ಕೆ ಸುತ್ತಿದ್ದು. ಹಳೆಯ ಬಣ್ಣ ಎಲ್ಲಾದರೂ ಒಂದು ಕಡೆ ಚಕ್ಕೆ ಏಳದೆ ಇರುವುದಿಲ್ಲ. ಒಳಬದಿಯಲ್ಲಿ ಚಕ್ಕೆ ಎದ್ದ ಕಡೆ, ನಾನು ಕೆರೆಯುವ ಮೊದಲೇ, ಆ ಅಂಕೆ ಕಂಡಿತ್ತು. ನೆಲದ ಮೇಲೆ ಕೂತು ಅತ್ತೆ. ಯಾಕೆ ಅತ್ತೆ ಎಂದು ಮನೆಯವರಿಗೆ ಹೇಳಲು ಅರ್ಧ ಗಂಟೆ ಹಿಡಿಯಿತು.

ಮರುದಿನ ಸೇಠರ ಬಳಿ ಹೋದೆ. ಕಾರ್ಖಾನೆಯಲ್ಲಿ ಕಲ್ಲಿನ ಹಲಗೆಯ ಇನ್ನೊಂದು ಮಂಚ ಹೋಗಲು ಸಿದ್ಧವಾಗಿತ್ತು. ಚೀಟಿಯಲ್ಲಿ ತಾಂಡೂರು, ಕಾಳಪ್ಪ ಕಮ್ಮಾರ ಎಂದು ಬರೆದಿದ್ದೆ. ಸೇಠರು ಓದಿದರು. ಅವರು ಕೂಗಾಡಲಿಲ್ಲ, ಅದೇ ಹೊಸತು.

"ಖರೇ ಇರಬಹುದು ಸುಶೀಲಾ. ಆದ್ರ ತಾಂಡೂರು ಅಂತ ಬರದರ ಅದನ್ನ ಯಾರೂ ತಿರುಗಿ ಸೈತ ನೋಡಂಗಿಲ್ಲ."

"ಕಾಲು ನೋಡಲಿ ಅವರು, ಚೀಟಿ ಯಾಕ ನೋಡ್ತಾರ?"

"ಚೀಟೀನೇ ನೋಡ್ತಾರ," ಎಂದರು ಬೇಸರದಿಂದ. "ನಿನಗ ಬರಿಯಾಕ ಆಗದಿದ್ರ ಬ್ಯಾರೆಯವರು ಬರೀತಾರ."

ಕೆಟ್ಟವರಲ್ಲ ಅವರು. ಪಾನಾ ಹಿಡಿಯಲು ಕಲಿಸಿದವರು. ಆದರೆ ಪಾನಾ ಹೇಳಿದ್ದನ್ನು ಕೇಳಲು ಅವರಿಂದ ಆಗಲಿಲ್ಲ. ಚೀಲ ತುಂಬಿಕೊಂಡು ಬಂದೆ. ಹಿಂದೆ ಹೋದ ಮೂರು ಮಂಚಗಳ ಬಗ್ಗೆ ಆ ಮೇಡಮ್ಮಿಗೆ ಪತ್ರ ಬರೆಸಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಎರಡು ದಿನ ಬಿಟ್ಟು ಬೊಮ್ರಾಸಪೇಟಿಗೆ ಹೋದೆ. ಈ ಸಲ ನಾಗಮ್ಮನ ಮನೆಗಲ್ಲ, ನೇರ ಎದುರು ಕಟ್ಟೆಗೆ. ಸಾಯಪ್ಪನಿಗೆ ನಮಸ್ಕಾರ ಮಾಡಿ ಪಕ್ಕದಲ್ಲಿ ಕೂತೆ. ನಾಗಮ್ಮ ತನ್ನ ಬಾಗಿಲ ಹಿಂದೆ ನಿಂತದ್ದು ಕಾಣುತ್ತಿತ್ತು. ಮಂಚದ ಮಾತು ತೆಗೆದು, ಪಾನಾಗಳ ವಿಷಯ ಹೇಳಿದೆ. ಅವನು ಪೂರ್ತಿ ಕೇಳಿದ.

"ಬೋಲ್ಟ್ ಬದಲ್ ಮಾಡಿರ್ತಾನ ತಗೋ," ಎಂದ. ಸೇಠರದೇ ಮಾತು. "ಆರು ಇದ್ವವ್ವ, ನಾನೇ ಎಣಿಸೀನಿ. ನಂಬರ್ ಹಾಕಿದಾವನೂ ನಾನೇ. ಬಿಳಿ ಬಣ್ಣಾ, ಸಣ್ಣ ಕುಂಚ. ಐದು ಇರಲಿಲ್ಲ."

"ಐದು ನಾರಾಯಣಖೇಡದಾಗ ಇತ್ತರಿ. ಸಾಹೇಬನ ಅಡಿಗಿಯವರ ಮನ್ಯಾಗ. ಸಾಹೇಬನೇ ಕೊಟ್ಟು ಹೋಗ್ಯಾನ. ನಾ ಕಣ್ಣಾರೆ ನೋಡೀನಿ."

ಸಾಯಪ್ಪ ನನ್ನನ್ನು ದಿಟ್ಟಿಸಿದ. "ನೋಡಿದ್ರ ಹೇಳು. ಎಲ್ಲಿ ಬರದಿತ್ತು?"

"ಒಂದೇ ಕಾಲಿಗಿ. ತಲೆ ಕಡಿ ಕಾಲಿನ ಒಳಮೈಗಿ, ನೆಲದಿಂದ ಒಂದು ಗೇಣು ಮ್ಯಾಲ."

ಅವನ ಕೋಲು ಅಲುಗಾಡುವುದು ನಿಂತಿತು. ನಾನು ನಕ್ಷೆ ಬಿಚ್ಚಿ ಮೊಣಕಾಲ ಮೇಲೆ ಹರಡಿದೆ. ಅವನು ಬಾಗಿ, ಬೆರಳಿನಿಂದ ಆ ಐದರ ಮೇಲಿನ ಉದ್ದ ಗೆರೆಯನ್ನೂ ಒಳಕ್ಕೆ ಸುತ್ತಿದ ಬಾಲವನ್ನೂ ತಿದ್ದಿದ. ಎರಡು ಸಲ ತಿದ್ದಿದ.

"ಒಳಮೈಗಿ ಬರದದ್ದು ಸಾಹೇಬಗ ಕಾಣಬಾರದು ಅಂತ," ಎಂದ. "ಹೊರಗ ಬರದರ ಸಿಟ್ಟಿಗೇಳ್ತಿದ್ದ. ಇದು ನಾ ಯಾರಿಗೂ ಹೇಳಿದ್ದಿಲ್ಲ."

"ಆ ನಂಬರ್ ಕೆರದದ್ದು ಕಾಳಪ್ಪ ಅಲ್ಲರಿ. ನಾನು. ಗೊತ್ತಿಲ್ಲದ."

ಅವನು, ಹೊಲದಿಂದ ಊಟಕ್ಕೆ ಬಂದಿದ್ದ ನಾಗಮ್ಮನ ಇಬ್ಬರು ಮಕ್ಕಳನ್ನು ಕರೆದು, ಮಂಚವನ್ನು ಹೊರಗೆ ತರಲು ಹೇಳಿದ. ಅವರು ತೊಗರಿ ಚೀಲ ಇಳಿಸಿ ಎತ್ತಿಕೊಂಡು ಬಂದು ಬೇವಿನ ನೆರಳಲ್ಲಿ ಇಟ್ಟರು. ಸಾಯಪ್ಪ ಕೋಲೂರಿ ಓಣಿ ದಾಟಿ ಬಂದ. ಕಾಲಿನ ಮಡಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ಸವರಿದ. ಕಲ್ಲಿನ ಹಲಗೆಯನ್ನು ತಿರುಗಿಸಿದ. ಸದ್ದಿಲ್ಲದೆ ತಿರುಗಿತು.

"ಬಂಡಿ ಗೇಟಿನ ಮುಂದ ನಿಂತಿತ್ತು," ಎಂದ, ಬಾಗಿಲ ಕಡೆ ನೋಡದೆ. "ಸಾಯಪ್ಪಾ, ಒಮ್ಮೆ ನೋಡೋ ಅಂತ ಒದರಿದ. ನಾ ನೋಡಲಿಲ್ಲ. ನೋಡಿದ್ರ ತಿಳೀತಿತ್ತು." ಆಮೇಲೆ ಮಂಚ ನೋಡಲು ಸೇರಿದ್ದ ಓಣಿಯವರಿಗೆಲ್ಲ ಕೇಳುವಂತೆ ಹೇಳಿದ: "ಇದು ಕಾಳಪ್ಪ ಮಾಡ್ಯಾನ. ಅವ ಕದ್ದಿಲ್ಲ. ಸುಳ್ಳಾದಾವ ನಾನು."

ಬಾಗಿಲು ತೆರೆಯಿತು. ನಾಗಮ್ಮ ಹೊರಗೆ ಬಂದಳು. ಮದುವೆಯಾಗಿ ಬಂದಾಗಿನಿಂದ ಭಾವನ ಮುಂದೆ ಕೂತವಳಲ್ಲ ಅವಳು. ಯಾರನ್ನೂ ನೋಡದೆ ಮಂಚದ ಬಳಿ ನಿಂತು ಪಟ್ಟಿಗಳ ಮೇಲಿನ ತೊಗರಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಕೂತಳು. ಆಮೇಲೆ ಕಾಲು ಮೇಲೆ ತೆಗೆದುಕೊಂಡು, ಮಟಮಟ ಮಧ್ಯಾಹ್ನ, ಓಣಿಯ ನಟ್ಟ ನಡುವೆ, ಗಾದಿ ಇಲ್ಲದ ಬರೀ ಕಬ್ಬಿಣದ ಮೇಲೆ ಮೈ ಚಾಚಿ ಮಲಗಿದಳು. ಮಕ್ಕಳು ಗಾಬರಿಯಾಗಿ ನೋಡಿದರು. ಒಬ್ಬ ದಿಂಬು ತರಲು ಓಡಿದ. ಅವನು ತರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು, ನಿಜವಾದ ನಿದ್ದೆ. ಸಣ್ಣಗೆ ಗೊರಕೆಯೂ ಬಂತು.

ನಾನು ಗಾದಿಗೆ ಅಳತೆ ತೆಗೆದುಕೊಳ್ಳಬೇಕೆಂದು ಟೇಪು ತಂದಿದ್ದೆ. ಎಬ್ಬಿಸಲು ಮನಸ್ಸಾಗದೆ ನೆಲದ ಮೇಲೆ ಕೂತೆ. ಸಾಯಪ್ಪನೂ ತನ್ನ ಕಟ್ಟೆಗೆ ವಾಪಸು ಹೋಗಲಿಲ್ಲ, ಅಲ್ಲೇ ಬೇವಿನ ಬೊಡ್ಡೆಗೆ ಒರಗಿ ಕೂತ.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಪ್ಲಾಸ್ಟಿಕ್ ಬಿಂದಿಗೆ ಮಾರುವ ಆಟೋ, ಮೈಕಿನಲ್ಲಿ ಕೂಗಿಸಿಕೊಂಡು ಬಂತು. ಮುದುಕ ಕೋಲೂರಿ ಎದ್ದು, ನಡುದಾರಿಗೆ ಹೋಗಿ ಕೈ ಅಡ್ಡ ಹಿಡಿದ.

"ಅದನ್ನ ಬಂದ್ ಮಾಡೋ," ಎಂದ ತಗ್ಗಿದ ದನಿಯಲ್ಲಿ. "ಕಾಳಪ್ಪನ ಮಗಳು ಮಲಗ್ಯಾಳ."